ಕ್ಯಾಲಿಪರ್ ಕೂರಿಸುವುದು ಸುಲಭ, ಏರ್ ತೆಗೆಯುವುದೇ ನಿಜವಾದ ಕೆಲಸ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕಾರವಾರದ ಬೈತಖೋಲ್ ಬಂದರಿನಿಂದ ಮೀನು ಸಾಗಿಸುವ ಪಿಕಪ್. ಮುಂದಿನ ಎಡಗಡೆ ಚಕ್ರ ಮುಟ್ಟಲಾಗದಷ್ಟು ಕಾಯುತ್ತದೆ, ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಮೆಕ್ಯಾನಿಕ್ ಹೊಸ ಕ್ಯಾಲಿಪರ್ (ಪ್ಯಾಡ್‌ಗಳಿಂದ ಚಕ್ರದ ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕಿನ ಭಾಗ) ಹಾಕಿ ಎಂದಿದ್ದಾರೆ. ಅದನ್ನು ಮನೆಯಲ್ಲೇ ಹಾಕಿ, ಬ್ರೇಕ್ ಆಯಿಲಿನೊಳಗೆ ಸೇರಿಕೊಳ್ಳುವ ಗಾಳಿಯನ್ನು, ಅಂದರೆ ಏರ್ ಕೂಡ ನಾವೇ ತೆಗೆಯಬಹುದಾ ಎಂದು ಕೇಳಿದ್ದೀರಿ.

ತೆಗೆಯಬಹುದು. ನನ್ನದು ಶಿರಸಿ ಹತ್ತಿರದ ಊರು. ಅಡಿಕೆ, ಬಾಳೆಗೊನೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಬರುವಾಗ ತೆಂಗಿನಕಾಯಿ ತುಂಬಿಕೊಂಡು ಹತ್ತುವುದು ನನ್ನ ಕೆಲಸ. ಆ ಘಟ್ಟದಲ್ಲಿ ಬ್ರೇಕ್ ಬಗ್ಗೆ ಅರ್ಧಂಬರ್ಧ ನಂಬಿಕೆ ಇಟ್ಟುಕೊಂಡು ಗಾಡಿ ಓಡಿಸಲು ಆಗುವುದಿಲ್ಲ. ಹಾಗಾಗಿ ಈ ಕೆಲಸ ಕಲಿತೆ.

ಆದರೆ ಕ್ಯಾಲಿಪರಿಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಡಿ ಸ್ವಲ್ಪ ಓಡಿಸಿ, ಪೆಡಲಿನಿಂದ ಕಾಲು ತೆಗೆದರೂ ಆ ಚಕ್ರದ ಬ್ರೇಕ್ ಬಿಡದೆ ಹಿಡಿದುಕೊಂಡಿರುವಾಗಲೇ ನಿಲ್ಲಿಸಿ ಆ ಚಕ್ರ ಎತ್ತಿ. ಕೈಯಲ್ಲಿ ತಿರುಗಿಸಿದರೆ ಬಿಗಿಯಾಗಿರುತ್ತದೆ. ಈಗ ಕ್ಯಾಲಿಪರಿನ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಒಂದು ಸುತ್ತಿಗಿಂತ ಕಡಿಮೆ ಸಡಿಲಿಸಿ. ಆಯಿಲ್ ಕಾದಿರುತ್ತದೆ, ಚಿಮ್ಮಲೂಬಹುದು, ಕಣ್ಣು ದೂರ ಇರಲಿ. ಆಯಿಲ್ ಹಾರಿ ಚಕ್ರ ತಟ್ಟನೆ ಸಡಿಲವಾದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ಆಗ ಹೆಚ್ಚಿನ ಸಲ ಕಾರಣ ಕ್ಯಾಲಿಪರ್ ಅಲ್ಲ, ಅದಕ್ಕೆ ಆಯಿಲ್ ತರುವ ರಬ್ಬರ್ ಹೋಸ್. ಹಳೇ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಪದರ ಮಾತ್ರ ಊದಿ ದಾರಿ ಕಟ್ಟಿರುತ್ತದೆ. ಕಾಲಿನ ಜೋರಿಗೆ ಆಯಿಲ್ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ನಿಪ್ಪಲ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ಪ್ಯಾಡ್ ತಳ್ಳುವ ಪಿಸ್ಟನ್ ಅಥವಾ ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಜಾಮ್ ಆಗಿದೆ. ಪಿನ್ ಮಾತ್ರ ಜಾಮ್ ಆಗಿದ್ದರೆ ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಪಿಸ್ಟನ್ ಮೇಲೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಹೊಸದೇ ಬೇಕು.

ಮೀನು ಗಾಡಿಗೆ ಈ ತೊಂದರೆ ಬೇಗ ಬರುತ್ತದೆ. ಸಮುದ್ರದ ಗಾಳಿ ಒಂದು ಕಡೆ, ಐಸ್ ಕರಗಿ ಹಲಗೆ ಸಂದಿಯಿಂದ ಸುರಿಯುವ ಉಪ್ಪುನೀರು ಇನ್ನೊಂದು ಕಡೆ. ಮೇಲಿಂದ ಕರಾವಳಿಯ ಮಳೆ. ಪಿಸ್ಟನ್ ಸುತ್ತಲಿನ ರಬ್ಬರ್ ಬೂಟ್ ಸ್ವಲ್ಪ ಹರಿದಿದ್ದರೂ ಸಾಕು, ನೀರು ಒಳಗೆ ಹೋಗಿ ಕೂರುತ್ತದೆ. ಸಂಜೆ ಗಾಡಿ ತೊಳೆಯುವಾಗ ಮೀನು ಹೇರುವ ಡಬ್ಬಿ ಮಾತ್ರ ತೊಳೆಯಬೇಡಿ, ಚಕ್ರದ ಒಳಬದಿಗೂ ಒಳ್ಳೆ ನೀರು ಹೊಡೆಯಿರಿ.

ಈಗ ಗಾಡಿ ಎತ್ತುವ ವಿಷಯ. ನಮ್ಮ ಜಿಲ್ಲೆಯಲ್ಲಿ ಎಲ್ಲರ ಅಂಗಳದಲ್ಲೂ ಚಿರೆಕಲ್ಲು ಬಿದ್ದಿರುತ್ತದೆ. ಜಾಕ್ ಹಾಕಿ ಎತ್ತಿ, ಕೆಳಗೆ ಎರಡು ಚಿರೆಕಲ್ಲು ಇಟ್ಟು ಒಳಗೆ ನುಗ್ಗುವವರನ್ನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗೋಡೆಯ ಭಾರ ಸಮನಾಗಿ ಹರಡಿಕೊಳ್ಳುತ್ತದೆ, ಚಾಸಿಯ ಭಾರ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ನೆನೆದ ಚಿರೆಕಲ್ಲು ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ಕಬ್ಬಿಣದ ಸ್ಟ್ಯಾಂಡ್ ಬಾಡಿಗೆಗಾದರೂ ತನ್ನಿ. ಜಾಕಿನ ಕೆಳಗೆ ದಪ್ಪ ಹಲಗೆ, ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟಿಗೆ, ಗಾಡಿ ಸಮತಟ್ಟಿನಲ್ಲಿ. ಇಷ್ಟು ಆಗದಿದ್ದರೆ ಕೆಲಸ ಶುರು ಮಾಡಬೇಡಿ.

ಬಿಚ್ಚುವುದು ದೊಡ್ಡ ವಿಷಯವೇನಲ್ಲ. ಎರಡು ಬೋಲ್ಟ್ ತೆಗೆದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಹೋಸ್ ಹಿಡಿದಿರುವ ಬ್ಯಾಂಜೊ ಬೋಲ್ಟನ್ನು ಮಾತ್ರ ಕ್ಯಾಲಿಪರ್ ಇನ್ನೂ ಗಾಡಿಯಲ್ಲಿ ಕೂತಿರುವಾಗಲೇ ಒಂದು ಚೂರು ಸಡಿಲಿಸಿಕೊಳ್ಳಿ. ಆಮೇಲೆ ಕೈಯಲ್ಲಿ ಹಿಡಿದು ಬಿಚ್ಚುವುದು ಕಷ್ಟ. ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಇನ್ನೊಂದು ಉಪಾಯ ಇದೆ. ಹೋಸ್ ಬಿಚ್ಚುವ ಮೊದಲು ಬ್ರೇಕ್ ಪೆಡಲನ್ನು ಒಂದು ಇಂಚಿನಷ್ಟು ಒತ್ತಿ, ಸೀಟಿನಿಂದ ಕೋಲು ಕೊಟ್ಟು ಹಾಗೇ ನಿಲ್ಲಿಸಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗೆ ಆಯಿಲ್ ಇಳಿಯುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ, ಅದರ ಮೇಲಿನ ಆಯಿಲ್ ಡಬ್ಬಿ ಬರಿದಾಗುವುದಿಲ್ಲ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಅದಕ್ಕೆ ಬ್ಯಾಟರಿ ವೈರ್ ತೆಗೆದಿಡಿ.

ಹೊಸ ಕ್ಯಾಲಿಪರ್ ಕೂರಿಸುವಾಗ ತಾಮ್ರದ ವಾಷರ್ ಎರಡೂ ಹೊಸದೇ ಇರಲಿ, ಹೋಸಿನ ಆ ಕಡೆ ಒಂದು, ಈ ಕಡೆ ಒಂದು. ಹಳೆಯದು ಒಮ್ಮೆ ಚಪ್ಪಟೆಯಾಗಿದೆ, ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಸ್ಲೈಡ್ ಪಿನ್ನಿಗೆ ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ಹಾಕಿ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬ್ರೇಕಿನ ರಬ್ಬರನ್ನು ಊದಿಸುತ್ತದೆ, ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ. ರಬ್ಬರ್ ಭಾಗಗಳನ್ನು ಡೀಸೆಲ್, ಪೆಟ್ರೋಲಿನಲ್ಲಿ ತೊಳೆಯುವುದೂ ಬೇಡ. ಪ್ಯಾಡ್ ಹಾಕುವುದಾದರೆ ಎರಡೂ ಕಡೆ ಒಟ್ಟಿಗೇ ಹಾಕಿ, ಒಂದೇ ಕಡೆ ಹಾಕಿದರೆ ಗಾಡಿ ಮತ್ತೆ ಎಳೆಯುತ್ತದೆ. ಡಿಸ್ಕ್ ಕಾದು ನೀಲಿ ಬಣ್ಣಕ್ಕೆ ತಿರುಗಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ.

ಈಗ ನಾನು ಈ ಉತ್ತರ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಮಳೆಗಾಲ ಮುಗಿದ ಮೇಲೆ ಮುಂದಿನ ಎರಡೂ ಕ್ಯಾಲಿಪರ್ ಒಂದೇ ದಿನ ಬದಲಿಸಿದೆ. ಬೋಲ್ಟ್ ಸರಿಯಾಗಿ ಕೂತವು, ಪ್ಯಾಡ್ ಸರಿಯಾಗಿ ಕೂತವು. ಮಗಳನ್ನು ಸೀಟಿನಲ್ಲಿ ಕೂರಿಸಿ ಏರ್ ತೆಗೆಯಲು ಶುರು ಮಾಡಿದೆ. ಅವಳಿಗೆ ಕಾಲು ಎಟುಕದೆ ಸೀಟಿನ ತುದಿಗೆ ಜಾರಿ, ಸ್ಟೇರಿಂಗ್ ಗಟ್ಟಿ ಹಿಡಿದುಕೊಂಡು ಒತ್ತುತ್ತಿದ್ದಳು. ಪೈಪಿನಲ್ಲಿ ಗುಳ್ಳೆ ಬರುವುದು ನಿಂತಿತು, ಆಯಿಲ್ ನೀಟಾಗಿ ಬರುತ್ತಿತ್ತು. ಆದರೂ ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತಿತ್ತು. ಅರ್ಧ ಲೀಟರ್ ಆಯಿಲ್ ಖಾಲಿಯಾಯಿತು. ಕತ್ತಲಾಯಿತು. ಪಕ್ಕದ ಮನೆಯ ಹಿರಿಯರೊಬ್ಬರು, ಲಾರಿ ಓಡಿಸಿ ನಿವೃತ್ತರಾದವರು, ಟಾರ್ಚ್ ಹಿಡಿದು ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: "ತಮ್ಮಾ, ನಿಪ್ಪಲ್ ಯಾಕೆ ಕೆಳಗಿದೆ?"

ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ. ಕೆಲವು ಗಾಡಿಗಳಲ್ಲಿ ಎರಡೂ ಎರಡೂ ಕಡೆ ಕೂರುತ್ತವೆ. ಆಗ ಹೋಸ್ ಮೇಲೆ ಬಂದು ನಿಪ್ಪಲ್ ಕೆಳಗೆ ಹೋಗುತ್ತದೆ. ಗಾಳಿ ಯಾವಾಗಲೂ ಮೇಲೆಯೇ ಅಲ್ವಾ ಇರುವುದು? ಕೆಳಗಿನ ತೂತಿನಿಂದ ಎಷ್ಟು ಆಯಿಲ್ ಬಿಟ್ಟರೂ ಮೇಲೆ ಕೂತ ಗಾಳಿ ಅಲ್ಲಾಡುವುದಿಲ್ಲ. ಮರುದಿನ ಅದಲುಬದಲು ಮಾಡಿ ಹಾಕಿ, ಮತ್ತೆ ಮಗಳನ್ನು ಕೂರಿಸಿದೆ. ಹತ್ತು ಸಲವೂ ಒತ್ತಿರಲಿಲ್ಲ, "ಅಪ್ಪಾ, ಈಗ ಕಲ್ಲಿನ ಹಾಗೆ ಆಯ್ತು" ಎಂದಳು. ಆ ಗಾಡಿಯನ್ನು ಹಿಂದಿನ ರಾತ್ರಿಯ ಸ್ಥಿತಿಯಲ್ಲೇ ದೇವಿಮನೆಗೆ ತೆಗೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ನೀವು ಬದಲಿಸುವುದು ಒಂದೇ ಕ್ಯಾಲಿಪರ್. ಅಂಗಡಿಯಲ್ಲಿ ಬಲದ್ದು ಕೊಟ್ಟುಬಿಟ್ಟರೂ ತಪ್ಪು ಇದೇ ಆಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಪಕ್ಕ ಪಕ್ಕ ಇಟ್ಟು ನೋಡಿ.

ಏರ್ ತೆಗೆಯುವ ಕ್ರಮ ಹೀಗೆ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಸೀಲ್ ಇರುವ ಹೊಸ ಬಾಟಲಿಯನ್ನೇ ಒಡೆಯಿರಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದು 205 ಮತ್ತು 140. ಘಟ್ಟದಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಹಳೇ ಆಯಿಲ್ ಕುದಿಯುತ್ತದೆ. ಆವಿಯನ್ನು ಅದುಮಬಹುದು, ಆಯಿಲನ್ನು ಅದುಮಲಾಗದು. ಹಾಗಾಗಿ ಪೆಡಲ್ ಪಾತಾಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು ಎನ್ನುವುದು ಇದೇ ಕಾರಣಕ್ಕೆ.

ನಿಪ್ಪಲಿಗೆ ಮೊದಲು ರಿಂಗ್ ಸ್ಪ್ಯಾನರ್ ಹಾಕಿ, ಆಮೇಲೆ ಪಾರದರ್ಶಕ ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಮೊದಲು ಪೆಡಲಿನ ಕೋಲು ತೆಗೆದು, ನಿಪ್ಪಲ್ ತೆರೆದು ಸುಮ್ನೆ ಬಿಡಿ. ಆಯಿಲ್ ತನ್ನ ಭಾರಕ್ಕೇ ಇಳಿದು ಹೊಸ ಕ್ಯಾಲಿಪರನ್ನು ತುಂಬುತ್ತದೆ. ಪೈಪಿನಲ್ಲಿ ಆಯಿಲ್ ಬರಲು ಶುರುವಾದ ಮೇಲೆ ಮುಚ್ಚಿ. ಈಗ ಒಳಗೆ ಕೂತವರು ನಿಧಾನ ಒತ್ತಿ "ಒತ್ತಿದೆ" ಎನ್ನಬೇಕು. ನೀವು ತೆರೆಯಬೇಕು, ಗುಳ್ಳೆ ಬರುತ್ತದೆ. ನೀವು ಮುಚ್ಚಿ "ಬಿಡು" ಎಂದ ಮೇಲೆಯೇ ಅವರು ಕಾಲು ತೆಗೆಯಬೇಕು. ಮುಚ್ಚುವ ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಇದೊಂದನ್ನು ಒಳಗಿರುವವರಿಗೆ ಎರಡು ಸಲ ಹೇಳಿ ಕೂರಿಸಿ. ಹಳೇ ಗಾಡಿಯಾದರೆ ಪೆಡಲ್ ಅಡಿಯಲ್ಲಿ ಒಂದು ಮರದ ತುಂಡು ಇಡಿ. ಪೂರ್ತಿ ತಳಕ್ಕೆ ಒತ್ತಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಯಾವತ್ತೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿದುಹೋಗಬಹುದು.

ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡಿ, ತುಂಬಿಸಿ. ಅದು ಬರಿದಾಗಿ ಗಾಳಿ ಎಳೆದರೆ ಮಾಸ್ಟರ್ ಸಿಲಿಂಡರಿನಿಂದಲೇ ಮತ್ತೆ ಶುರು. ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಡಬ್ಬಿ ಬರಿದಾಗದಿದ್ದರೆ ಆ ಒಂದು ಚಕ್ರದ ಏರ್ ತೆಗೆದರೆ ಸಾಕಾಗುತ್ತದೆ. ಆದರೆ ಆಯಿಲ್ ಕಪ್ಪಾಗಿದ್ದರೆ ನಾಲ್ಕೂ ಮಾಡಿಬಿಡಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದಿಂದ ಹತ್ತಿರಕ್ಕೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿಗೆ ಒಂದು ಸರಳು ಜೋಡಿಸಿದ ವಾಲ್ವ್ ಇರುತ್ತದೆ. ಲೋಡ್ ಎಷ್ಟಿದೆ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುವುದು ಅದು. ಗಾಡಿಯ ಹಿಂಭಾಗ ಎತ್ತಿ ಚಕ್ರ ಜೋತುಬಿಟ್ಟರೆ ಅದು ಲೋಡ್ ಇಲ್ಲ ಎಂದುಕೊಂಡು ಆಯಿಲ್ ತಡೆಯುತ್ತದೆ. ಹಿಂದಿನದನ್ನು ಚಕ್ರ ನೆಲದ ಮೇಲಿಟ್ಟೇ ಮಾಡಿ, ಆ ಸರಳನ್ನು ಮುಟ್ಟಬೇಡಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದರ ಯೂನಿಟ್ ಒಳಗೆ ಗಾಳಿ ಹೋದರೆ ಸ್ಕ್ಯಾನರ್ ಬೇಕಾಗಬಹುದು, ಆಗ ಗ್ಯಾರೇಜೇ ಗತಿ. ಕಬ್ಬಿಣದ ಬ್ರೇಕ್ ಪೈಪ್ ತುಕ್ಕು ಹಿಡಿದು ಉದುರುವಂತಿದ್ದರೂ ಅಷ್ಟೇ.

ಎಲ್ಲ ಆದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ನಾಲ್ಕೈದು ಸಲ ಪೆಡಲ್ ಒತ್ತಿ, ಗಟ್ಟಿಯಾಗಬೇಕು. ಒತ್ತಿಕೊಂಡೇ ಸ್ಟಾರ್ಟ್ ಮಾಡಿ, ಚೂರು ಕೆಳಗಿಳಿದು ನಿಲ್ಲಬೇಕು. ಅದು ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಮೆತ್ತಗಿದ್ದರೆ ಇನ್ನೂ ಗಾಳಿ ಇದೆ. ಮೊದಲ ಸಲ ಆಳಕ್ಕೆ ಹೋಗಿ ಎರಡನೇ ಸಲ ಮೇಲೇ ಗಟ್ಟಿಯಾದರೆ ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ಮಾಡಬೇಕಿದೆ, ಗಾಳಿ ಅಂತ ಆಯಿಲ್ ಸುರಿಯುತ್ತಾ ಕೂರಬೇಡಿ. ಒಂದು ನಿಮಿಷ ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಹೋಗಿದೆ. ಹೀಗಿದ್ದರೆ ಗಾಡಿ ಅಂಗಳ ದಾಟಬಾರದು.

ಪೆಡಲ್ ಸರಿ ಇದ್ದರೆ ಖಾಲಿ ಗಾಡಿಯಲ್ಲಿ, ಖಾಲಿ ಜಾಗದಲ್ಲಿ ನಿಧಾನ ಓಡಿಸಿ ಹತ್ತಾರು ಸಲ ನಿಲ್ಲಿಸಿ ನೋಡಿ. ವಾಪಸ್ ಬಂದು ಎರಡೂ ಮುಂದಿನ ಚಕ್ರದ ಹತ್ತಿರ ಕೈ ಹಿಡಿಯಿರಿ, ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಮರುದಿನ ಬೆಳಿಗ್ಗೆ ಬಂದರಿಗೆ ಹೊರಡುವ ಮುಂಚೆ ಬ್ಯಾಂಜೊ ಬೋಲ್ಟಿನ ಸುತ್ತ ಬಿಳಿ ಕಾಗದ ಒತ್ತಿ ಆಯಿಲ್ ತಾಗುತ್ತದಾ ನೋಡಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ನಿಪ್ಪಲ್ ಬಿಟ್ಟಾಗ ಚಕ್ರ ಸಡಿಲವಾಯಿತಾ ಇಲ್ಲವಾ ಎಂಬುದನ್ನು ಮೊದಲು ನೋಡಿ ಇಲ್ಲಿ ಬರೆಯಿರಿ. ಹೋಸ್ ಒಂದರಲ್ಲೇ ಮುಗಿಯುವ ಕೆಲಸವಾಗಿದ್ದರೆ ನಿಮ್ಮ ಕ್ಯಾಲಿಪರಿನ ದುಡ್ಡು ಉಳಿಯುತ್ತದೆ.