ಪ್ರತಿಕ್ರಿಯೆ: ‘ಹೋಮ್ ಬರಿಯಲ್’ನ ಗಂಡ ಕಲ್ಲೆದೆಯವನೇ?

ಬಾಗಲಕೋಟೆಯ ನಿಮ್ಮ ಕಾಲೇಜಿನಲ್ಲಿ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟನ ‘ಹೋಮ್ ಬರಿಯಲ್’ ಕವಿತೆಯನ್ನು, ಮಗು ಕಳೆದುಕೊಂಡ ಗಂಡ-ಹೆಂಡತಿಯ ಆ ಜಗಳವನ್ನು, ಆಡಿಸಬೇಕೆಂದಿದ್ದೀರಿ. ಗಂಡನನ್ನು ಕಲ್ಲೆದೆಯವನಂತೆ ತೋರಿಸಲೇ, ಇದು ಕವಿಯದೇ ಕಥೆಯೇ ಅಂತ ಕೇಳಿದ್ದೀರಿ.

ದಯವಿಟ್ಟು ಕಲ್ಲೆದೆಯವನನ್ನಾಗಿ ಮಾಡಬೇಡಿ. ಮಗುವಿನ ಕುಣಿಯನ್ನು ತಾನೇ ತೋಡಿದವನು ಅವನು. ಆ ಮಣ್ಣು ಮೆತ್ತಿದ ಬೂಟಿನಲ್ಲೇ ಮನೆಯೊಳಗೆ ಕೂತು, ಮೂರು ದಿನದ ಮಂಜು, ಒಂದು ದಿನದ ಮಳೆ ಸಾಕು, ಎಂಥ ಬೇಲಿಯೂ ಕೊಳೆಯುತ್ತದೆ ಅನ್ನುತ್ತಾನೆ. ಹೆಂಡತಿ ಏಮಿಗೆ ಅದು ಬರೀ ಬೇಲಿಯ ಮಾತು. ನನಗೆ ಅದು ಮಗುವನ್ನು ಕುರಿತ ಮಾತೇ ಅನ್ನಿಸುತ್ತದೆ. ಮಣ್ಣು ಕೊಟ್ಟು ಬಂದು ಕಟ್ಟೆಯ ಮೇಲೆ ಜೋಳದ ಬೆಳೆಯ ಸುದ್ದಿ ತೆಗೆಯುವ ಹಿರಿಯರನ್ನು ನಮ್ಮ ವಿಜಯಪುರದ ಕಡೆಯೂ ಕಾಣುತ್ತೇವೆ. ಅವರಿಗೆ ದುಃಖವಿಲ್ಲ ಅಂತ ಯಾರೂ ಅನ್ನುವುದಿಲ್ಲ.

ಹಾಗಂತ ಏಮಿಯದು ತಪ್ಪೂ ಅಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ದಲ್ಲಿ ಮಗು ಕಳೆದುಕೊಂಡ ಗಂಡ ಒಬ್ಬನೇ ಮಾತಾಡುತ್ತಾನೆ, ಇಲ್ಲಿ ಅವಳೂ ತಿರುಗಿ ಮಾತಾಡುತ್ತಾಳೆ.

ಕವಿತೆಯಲ್ಲಿರುವ ಮೆಟ್ಟಿಲನ್ನು ರಂಗದ ಮೇಲೆ ಬಿಡಬೇಡಿ. ಮೊದಲು ಅವಳು ಮೇಲೆ, ಅವನು ಕೆಳಗೆ. ಅವನು ಹತ್ತಿದಂತೆ ಅವಳು ಅವನ ತೋಳಿನಡಿಯಿಂದ ನುಸುಳಿ ಇಳಿಯುತ್ತಾಳೆ. ಇಡೀ ಜಗಳ ಅಷ್ಟರಲ್ಲೇ ಇದೆ.

ಕವಿಯ ಬದುಕು: ಫ್ರಾಸ್ಟ್–ಎಲಿನಾರ್ ದಂಪತಿಯ ಚೊಚ್ಚಲ ಮಗ ಎಲಿಯಟ್ 1900ರಲ್ಲಿ, ನಾಲ್ಕು ತುಂಬುವ ಮುನ್ನವೇ ತೀರಿಕೊಂಡ. ಕವಿತೆ ಅಚ್ಚಾದದ್ದು 1914ರಲ್ಲಿ. ಇದನ್ನು ಫ್ರಾಸ್ಟ್ ಸಭೆಗಳಲ್ಲಿ ಓದುತ್ತಿರಲಿಲ್ಲ. ಆದರೂ ನಿಮ್ಮ ನಟನಿಗೆ ‘ನೀನೇ ಫ್ರಾಸ್ಟ್’ ಅನ್ನಬೇಡಿ. ಏಮಿಯ ಮಾತುಗಳನ್ನೂ ಬರೆದವನು ಅವನೇ.