ಸೆಂಟ್ರಲ್ ನ್ಯೂರೋಸೈಟೋಮಾ ಅಂದರೆ ಕ್ಯಾನ್ಸರ್ರಾ? ನನ್ನ ತಂಗಿ ಮೊದಲಿನಂತೆ ಆಗ್ತಾಳಾ?

ನಿಮ್ಮ ಪ್ರಶ್ನೆ ಓದಿ ಎದೆ ಝಲ್ ಅಂತು. 23 ವರ್ಷದ ತಂಗಿ. ವಿಜಯಪುರದಲ್ಲಿ ಮಾಡಿಸಿದ ಎಂಆರ್‌ಐ ರಿಪೋರ್ಟಿನಲ್ಲಿ ‘ಸೆಂಟ್ರಲ್ ನ್ಯೂರೋಸೈಟೋಮಾ ಇರಬಹುದು’ ಅಂತ ಒಂದು ಸಾಲು. ಅಂದರೆ ಮೆದುಳಿನೊಳಗಿನ ಒಂದು ಗಡ್ಡೆ. ಮನೆಯ ಹಿರಿಯರು ‘ಶ್ರಾವಣ ಮುಗಿಯಲಿ, ಆಮೇಲೆ ಆಪರೇಷನ್ ನೋಡೋಣ’ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಆರು ವರ್ಷದ ಹಿಂದೆ ಗುಳೇದಗುಡ್ಡದ ನಮ್ಮ ಮನೆಯಲ್ಲೂ ಹೀಗೇ ದಿನ ದೂಡಿದ್ದೆವು. ನಾನು ಡಾಕ್ಟರ್ ಅಲ್ಲ. ಇದೇ ಗಡ್ಡೆ ಆಗಿದ್ದ ಹುಡುಗನ ಅಕ್ಕ.

ಮೊದಲು ಧೈರ್ಯದ ಮಾತು. ಮೆದುಳಿನ ಗಡ್ಡೆಗಳನ್ನು 1ರಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ. 4 ಅಂದರೆ ತೀರಾ ಕೆಟ್ಟದ್ದು. ಇದು ಗ್ರೇಡ್ 2, ಬೇಗ ಹರಡುವ ಕ್ಯಾನ್ಸರಿನ ಹಾಗಲ್ಲ. ನಿಧಾನವಾಗಿ ಬೆಳೆಯುತ್ತದೆ, ಬೇರೆ ಕಡೆ ಹರಡುವುದು ತೀರಾ ಅಪರೂಪ. ಗಡ್ಡೆಯೂ ಅಪರೂಪದ್ದೇ. ಮೆದುಳಿನಲ್ಲೇ ಹುಟ್ಟುವ 200 ಗಡ್ಡೆಗಳಲ್ಲಿ ಒಂದು ಇದಾದರೆ ಅದೇ ಹೆಚ್ಚು. ಬರುವುದು ಜಾಸ್ತಿ 20ರಿಂದ 40 ವರ್ಷದವರಿಗೆ. ನಿಮ್ಮ ತಂಗಿ ಏನೋ ತಿಂದದ್ದಕ್ಕೋ, ಮೊಬೈಲ್ ನೋಡಿದ್ದಕ್ಕೋ ಬಂತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾದರೆ ಕಾಯಬಹುದಲ್ವಾ ಅನ್ನಿಸುತ್ತದೆ. ನಾವು ತಪ್ಪಿದ್ದು ಅಲ್ಲೇ.

ಮೆದುಳಿನ ಒಳಗೆ ನೀರು ತುಂಬಿದ ಕೋಣೆಗಳಿವೆ. ದಿನಕ್ಕೆ ಅರ್ಧ ಲೀಟರಿನಷ್ಟು ನೀರು ಅಲ್ಲಿ ಹುಟ್ಟಿ, ಹರಿದು, ಮತ್ತೆ ರಕ್ತ ಸೇರುತ್ತದೆ. ಈ ಗಡ್ಡೆ ಬೆಳೆಯುವುದು ಆ ಕೋಣೆಯ ಒಳಗೇ, ಅದೂ ನೀರು ಹೊರಗೆ ಹೋಗುವ ಸಣ್ಣ ಕಿಂಡಿಯ ಪಕ್ಕದಲ್ಲಿ. ಕಾಲುವೆಯ ತೂಬಿಗೆ ಕಸ ಸಿಕ್ಕಿಕೊಂಡರೆ ಏನಾಗುತ್ತೆ ನಿಮಗೆ ಗೊತ್ತು. ನೀರು ಹಿಂದೆ ನಿಲ್ಲುತ್ತದೆ, ತಲೆಯೊಳಗೆ ಒತ್ತಡ ಏರುತ್ತದೆ. ಗಡ್ಡೆ ನಿಧಾನ ಇದ್ದರೂ ಈ ಒತ್ತಡ ನಿಧಾನ ಇರಬೇಕು ಅಂತೇನಿಲ್ಲ.

ನನ್ನ ತಮ್ಮ ಖಣದ ಮಗ್ಗದ ಮೇಲೆ ಕೂರುತ್ತಿದ್ದ. ಬೆಳಗ್ಗೆ ಏಳುವಾಗಲೇ ತಲೆನೋವು, ಒಮ್ಮೆ ವಾಂತಿಯಾದರೆ ಹಗುರ. ಪಿತ್ತ ಅಂದುಕೊಂಡು ಅವ್ವ ಜೀರಿಗೆ ಕಷಾಯ ಕೊಟ್ಟಳು. ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ದಿನ ಹರಿದ ಎಳೆ ಕಟ್ಟಲು ಬಗ್ಗಿ ಎದ್ದವನು ಮಗ್ಗದ ಕಟ್ಟಿಗೆ ಹಿಡಿದು ಸುಮ್ನೆ ನಿಂತುಬಿಟ್ಟ. “ಅಕ್ಕಾ, ಕಣ್ಣಿಗಿ ಕತ್ತಲಿ ಬಂದಂಗ ಆತು” ಅಂದ. ನಾಲ್ಕೈದು ಸೆಕೆಂಡ್, ಅಷ್ಟೇ. ಚಷ್ಮಾದ ನಂಬರ್ ಬದಲಾಗಿರಬೇಕು ಅಂತ ಬಾಗಲಕೋಟೆಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರ್ ಡ್ರಾಪ್ಸ್ ಹಾಕಿ ಒಳಗೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ತಲೆನೋವು ಮುಂಜಾನೆ ಜಾಸ್ತಿ ಏನು?” ಕಣ್ಣಿನ ಹಿಂದಿನ ನರ ಊದಿತ್ತು. ಚಷ್ಮಾ ಬರೆಯಲಿಲ್ಲ, ಸ್ಕ್ಯಾನಿಗೆ ಬರೆದರು.

ಆಪರೇಷನ್ ಬೆಳಗಾವಿಯಲ್ಲಿ ಆಯಿತು. ಮೊದಲು ಸಣ್ಣ ನಳಿಗೆ ಹಾಕಿ ನೀರಿನ ಒತ್ತಡ ಇಳಿಸಿದರು, ಆಮೇಲೆ ಗಡ್ಡೆ. ಇದಕ್ಕೆ ರಕ್ತದ ಹರಿವು ಜಾಸ್ತಿ ಇರುತ್ತದೆ, ಸುತ್ತ ಮುಖ್ಯ ನರಗಳಿರುತ್ತವೆ, ಹಾಗಾಗಿ ಎಷ್ಟೋ ಜನರಲ್ಲಿ ಸ್ವಲ್ಪ ಉಳಿಸಲೇಬೇಕಾಗುತ್ತದೆ. ತಮ್ಮನಿಗೂ ಕಡಲೆಕಾಳಿನಷ್ಟು ಉಳಿಯಿತು. ಅದನ್ನು ಕೇಳಿ ನಾನು ವಾರ್ಡಿನ ಹೊರಗೆ ಕೂತು ಅತ್ತಿದ್ದೆ. ಅಳುವಂಥದ್ದು ಅಲ್ಲ ಅಂತ ಈಗ ಹೇಳಬಲ್ಲೆ.

ಒಂದಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೆನಪಿನ ನರಗಳು ಅಲ್ಲೇ ಹತ್ತಿರ ಹಾದುಹೋಗುತ್ತವೆ. ಆಪರೇಷನ್ ಆದ ಮೇಲೆ ಕೆಲವರಿಗೆ ಹೊಸ ವಿಷಯ ನೆನಪಿರುವುದಿಲ್ಲ. ತಮ್ಮ ಒಂದೇ ತಾಸಿನಲ್ಲಿ ಐದು ಸಲ “ಅವ್ವ ಉಂಡಾಳೇನ?” ಅಂತ ಕೇಳುತ್ತಿದ್ದ. ಐದು ಸಲವೂ “ಉಂಡಾಳಪ್ಪಾ” ಅಂತಿದ್ದೆ. ಒಂದು ನೋಟ್‌ಬುಕ್ ಕೊಟ್ಟು ದಿನದ್ದೆಲ್ಲ ಬರೆಸಿದೆವು. ಮೂರು ತಿಂಗಳಲ್ಲಿ ಬಹುಪಾಲು ಸರಿಹೋಯಿತು.

ಎಂಆರ್‌ಐ ನೋಡಿ ಇದೇ ಗಡ್ಡೆ ಅಂತ ಖಚಿತ ಹೇಳಲು ಆಗುವುದಿಲ್ಲ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ, ಅದರ ರಿಪೋರ್ಟ್ ಬರಬೇಕು. ಸೂಕ್ಷ್ಮದರ್ಶಕದಲ್ಲಿ ಇದು ಇನ್ನೊಂದು ಗಡ್ಡೆಯ ತರಹವೇ ಕಾಣುತ್ತದೆ, ಅದರ ಹೆಸರು ಆಲಿಗೋಡೆಂಡ್ರೋಗ್ಲಿಯೋಮಾ. 1982ರಲ್ಲಿ ಫ್ರಾನ್ಸಿನ ಹಸ್ಸೂನ್ ಮತ್ತು ಜೊತೆಗಾರರು ಇದು ಬೇರೆಯೇ ಗಡ್ಡೆ ಅಂತ ತೋರಿಸುವವರೆಗೆ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತಿದ್ದರು. ಈಗ ಸಿನಾಪ್ಟೋಫೈಸಿನ್ ಅನ್ನುವ ಪರೀಕ್ಷೆ ಇದೆ, ಈ ಗಡ್ಡೆಯಲ್ಲಿ ಅದು ಪಾಸಿಟಿವ್ ಬರುತ್ತದೆ. ಬಯಾಪ್ಸಿ ರಿಪೋರ್ಟಿನಲ್ಲಿ ಒಂದು ಅಂಕಿಯನ್ನೂ ಹುಡುಕಿ: ಕೆಐ-67. ಜೀವಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಅಂತ ಅದು ಹೇಳುತ್ತದೆ. 2-3 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಗಡ್ಡೆ ಮರಳಿ ಬರುವ ಸಾಧ್ಯತೆ ಹೆಚ್ಚು, ಡಾಕ್ಟರು ಇನ್ನೂ ಹುಷಾರಾಗಿ ನೋಡುತ್ತಾರೆ.

ಗಡ್ಡೆ ಪೂರ್ತಿ ತೆಗೆಯಲು ಆದವರಲ್ಲಿ 10ಕ್ಕೆ 9 ಜನಕ್ಕಿಂತ ಹೆಚ್ಚು 5 ವರ್ಷ ದಾಟುತ್ತಾರೆ. ಸ್ವಲ್ಪ ಉಳಿದವರಿಗೆ, ಅಥವಾ ಮರಳಿ ಬಂದವರಿಗೆ, ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ತಮ್ಮನ ಕೆಐ-67 ಅಂಕಿ ಕಡಿಮೆ ಇತ್ತು, ಹಾಗಾಗಿ ರೇಡಿಯೇಷನ್ ಕೊಡದೆ ಕಾದು ನೋಡಿದರು. ಮೊದಲು ಆರು ತಿಂಗಳಿಗೊಮ್ಮೆ ಎಂಆರ್‌ಐ, ಈಗ ವರ್ಷಕ್ಕೊಮ್ಮೆ. ಆ ಕಡಲೆಕಾಳು ಬೆಳೆದಿಲ್ಲ. ಚೆನ್ನಾಗಿದ್ದೇನೆ ಅಂತ ಸ್ಕ್ಯಾನ್ ಬಿಡುವ ಹಾಗಿಲ್ಲ, ಎಷ್ಟೋ ವರ್ಷದ ನಂತರ ಮರಳಿ ಬಂದದ್ದೂ ಇದೆ.

ದುಡ್ಡಿನ ಬಗ್ಗೆಯೂ ಕೇಳಿದ್ದೀರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಂಡು ಮಾತಾಡಿ.

ತಮ್ಮ ಇವತ್ತು ಮಗ್ಗದ ಮೇಲೆ ಕೂತಿದ್ದಾನೆ. ಆದರೆ ಎಡಗಣ್ಣು ಮಸುಕು. ಅದನ್ನು ಕಿತ್ತುಕೊಂಡದ್ದು ನಾವು ಕಾದ ಆ ನಾಲ್ಕು ತಿಂಗಳ ಒತ್ತಡ. ಅದು ಇನ್ನು ಮರಳುವುದಿಲ್ಲ. ಅದಕ್ಕೇ ಕೈಮುಗಿದು ಕೇಳುತ್ತೇನೆ, ನಾಳೆಯೇ ನ್ಯೂರೋಸರ್ಜನ್ ಹತ್ತಿರ ಹೋಗಿ ‘ನೀರು ತುಂಬಿದೆಯಾ? ಎಷ್ಟು ದಿನ ತಡೆಯಬಹುದು?’ ಅಂತ ಕೇಳಿ. ಕಣ್ಣಿನ ನರ ನೋಡಿಸಿ. ನಡುವೆ ತಂಗಿ ವಿಪರೀತ ನಿದ್ದೆಗಣ್ಣಲ್ಲಿದ್ದರೆ, ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಹಿರಿಯರಿಗೆ ಹೇಳುವುದು ಕಷ್ಟ ಆದರೆ ನಾನು ಬರೆದದ್ದನ್ನು ಅವರಿಗೆ ಓದಿ ಹೇಳಿ.