ಹುಳುಕಡ್ಡಿಗೆ ಡಾಕ್ಟ್ರು ಇಟ್ರಾಕೊನಜೋಲ್ ಕೊಟ್ಟಿದ್ದಾರೆ, ಲಿವರ್ ಹೋಗುತ್ತೆ ಅಂತಾರೆ, ತಗೊಳ್ಳಲಾ ಬಿಡಲಾ?

ತೊಡೆಸಂದೀಲಿ, ಸೊಂಟದ ಸುತ್ತ ಹುಳುಕಡ್ಡಿ ಆಗಿದೆ, ಚರ್ಮದ ಡಾಕ್ಟ್ರು ಇಟ್ರಾಕೊನಜೋಲ್ ಅನ್ನೋ ಫಂಗಸ್ ಔಷಧಿ, 100 ಮಿಲಿಗ್ರಾಂ ಕ್ಯಾಪ್ಸೂಲ್, ದಿನಕ್ಕೆರಡು ಬರೆದಿದ್ದಾರೆ, ಹತ್ತು ದಿನಕ್ಕೆ ಕಡಿತ ನಿಂತಿದೆ, ಅಷ್ಟರಲ್ಲಿ ಆಫೀಸಲ್ಲಿ ಯಾರೋ ಲಿವರ್ ಹಾಳಾಗುತ್ತೆ ಅಂದ್ರು, ನಿಲ್ಲಿಸ್ಬಿಡಲಾ ಅಂತ ಕೇಳಿದ್ದೀರಿ. ನಾನು ಡಾಕ್ಟ್ರಲ್ಲ, ಬೇಕರಿಯವನು. ಆದ್ರೆ ಈ ಮಾತ್ರೆ ತಪ್ಪಾಗಿ ತಗೊಂಡ್ರೆ ಏನಾಗುತ್ತೆ ಅಂತ ಮೈಮೇಲೆ ಅನುಭವಿಸಿದವನು, ಅದಕ್ಕೇ ಬರೀತಿದ್ದೀನಿ.

ನಮ್ಮೂರು ಹಾಸನದ ಕಡೆ, ಬೇಕರಿ ಬೆಂಗಳೂರಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಓವನ್ ಹಚ್ಚಿದ್ರೆ ಮಧ್ಯಾಹ್ನದವರೆಗೂ ಬೆವರಲ್ಲೇ ಸ್ನಾನ. ನನಗೂ ತೊಡೆಸಂದೀಲಿ ಇದೇ ಹುಳುಕಡ್ಡಿ, ಮೊದ್ಲು ಎಂಟಾಣೆ ಅಗಲ ಕಾಣಿಸ್ಕೊಂಡಿದ್ದು ಬೆಣ್ಣೆ ಬಿಸ್ಕತ್ತಷ್ಟಾಯ್ತು, ಆಮೇಲೆ ಬನ್ನಷ್ಟು. ಆ ಜಾಗ ಡಾಕ್ಟ್ರಿಗೆ ತೋರ್ಸೋಕೆ ನಾಚಿಕೆ, ಮೆಡಿಕಲ್ ಶಾಪಲ್ಲಿ ಮೆಲ್ಲಗೆ ಕೇಳಿದ್ರೆ ಒಂದು ಟ್ಯೂಬ್ ಕೊಟ್ರು, ಹಚ್ಚಿದ ಎರಡೇ ದಿನಕ್ಕೆ ಕಡಿತ ಮಾಯ. ಬಿಟ್ಟ ವಾರಕ್ಕೆ ಡಬಲ್ ಆಗಿ ವಾಪಸ್. ಹಿಂಗೆ ಆರು ತಿಂಗಳು ಹಚ್ಚಿದೀನಿ ಕಣ್ರೀ. ಅದರಲ್ಲಿ ಫಂಗಸ್ ಔಷಧಿ ಜೊತೆ ಕ್ಲೊಬೆಟಸಾಲ್ ಅನ್ನೋ ಜೋರಾದ ಸ್ಟಿರಾಯ್ಡ್ ಇತ್ತು ಅಂತ ಆಮೇಲೆ ಗೊತ್ತಾಯ್ತು. ಸ್ಟಿರಾಯ್ಡು ಕಡಿತ ಅಡಗಿಸುತ್ತೆ, ಚರ್ಮ ಫಂಗಸ್ಸಿನ ಜೊತೆ ಹೊಡೆದಾಡೋ ಶಕ್ತಿನೂ ಅಡಗಿಸುತ್ತೆ, ಫಂಗಸ್ ಒಳಗೊಳಗೇ ಹಬ್ಬುತ್ತೆ. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ, ಆದ್ರೂ ಸಿಗುತ್ತೆ. ನನ್ನ ತೊಡೆಸಂದೀಲಿ ಹೆಂಗಸರಿಗೆ ಹೆರಿಗೆ ಆದ್ಮೇಲೆ ಹೊಟ್ಟೆ ಮೇಲೆ ಬರುತ್ತಲ್ಲ, ಅಂಥ ಗೀರುಗಳು ಇವತ್ತಿಗೂ ಇವೆ, ಹೋಗಲ್ಲವಂತೆ. ನೀವು ಇನ್ನೂ ಅಂಥ ಟ್ಯೂಬ್ ಹಚ್ತಾ ಇದ್ರೆ ಅದನ್ನ ಡಾಕ್ಟ್ರಿಗೆ ಮುಚ್ಚಿಡ್ಬೇಡಿ.

ಈಗ ಮಾತ್ರೆ ವಿಷಯ. ಕೊನೆಗೆ ಡಾಕ್ಟ್ರ ಹತ್ರ ಹೋಗಿ, ನಿಮಗೆ ಕೊಟ್ಟಂಗೇ ಇಟ್ರಾಕೊನಜೋಲ್ ಶುರುವಾಯ್ತು. ಒಂದು ತಿಂಗಳು ತಪ್ಪದೇ ನುಂಗಿದೆ, ಒಂದು ಚೂರೂ ಕಮ್ಮಿ ಆಗ್ಲಿಲ್ಲ. ಮಾತ್ರೆನೇ ಡೂಪ್ಲಿಕೇಟ್ ಇರ್ಬೇಕು ಅಂತ ಜಗಳ ಆಡೋಕೆ ಹೋದೆ. ಆ ಡಾಕ್ಟ್ರಮ್ಮ ಬಯ್ಯಲಿಲ್ಲ, ಮನೇಲಿ ನೀವು ನುಂಗೋದು ಏನೇನಿದೆಯೋ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ ಅಂದ್ರು. ಮಾರನೇ ದಿನ ಕವರ್ ಮೇಜಿನ ಮೇಲೆ ಸುರಿದೆ. ಸ್ಟ್ರಿಪ್ಪುಗಳನ್ನ ಒಂದೊಂದೇ ತಿರುಗಿಸಿ ನೋಡಿ ಒಂದನ್ನ ಮಾತ್ರ ಬೆರಳಲ್ಲಿ ಪಕ್ಕಕ್ಕೆ ತಳ್ಳಿ ‘ಇದನ್ನ ಯಾವಾಗ ತಗೋತೀರಿ?’ ಅಂದ್ರು. ಗ್ಯಾಸ್ ಮಾತ್ರೆ. ನಾಲ್ಕು ಗಂಟೆಗೆ ಎದ್ದು ಖಾಲಿ ಹೊಟ್ಟೇಲಿ ಟೀ ಕುಡಿಯೋನು ನಾನು, ವರ್ಷಗಟ್ಟಲೆಯಿಂದ ದಿನಾ ಬೆಳಗ್ಗೆ ಒಂದು ಗ್ಯಾಸ್ ಮಾತ್ರೆ. ಅದರ ಜೊತೆಗೇ ಈ ಕ್ಯಾಪ್ಸೂಲನ್ನೂ ಬಾಯಿಗೆ ಹಾಕ್ತಿದ್ದೆ, ಮರೆತುಹೋಗಬಾರದಲ್ಲ ಅಂತ! ಗ್ಯಾಸ್ ಮಾತ್ರೇನ ಮಾತ್ರೆ ಅಂತ ಯಾರು ಲೆಕ್ಕಕ್ಕಿಡ್ತಾರೆ ಹೇಳಿ, ಬೇರೆ ಔಷಧಿ ಏನಾದ್ರೂ ತಗೋತೀರಾ ಅಂತ ಅವರು ಮೊದಲ ದಿನವೇ ಕೇಳಿದ್ರು, ಏನಿಲ್ಲ ಅಂದಿದ್ದೆ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಒಳಗೆ ಸಣ್ಣ ಸಣ್ಣ ಕಾಳು ಇರ್ತವೆ, ಅವು ಕರಗೋದಕ್ಕೆ ಹೊಟ್ಟೇಲಿ ಆಸಿಡ್ ಬೇಕು, ಊಟನೂ ಬೇಕು. ಖಾಲಿ ಹೊಟ್ಟೇಲಿ ತಗೊಂಡ್ರೆ ಅರ್ಧಂಬರ್ಧ ಹೀರ್ಕೊಳ್ಳುತ್ತೆ, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಆಸಿಡ್ಡನ್ನೇ ನಿಲ್ಲಿಸಿಬಿಟ್ರೆ ಅದೂ ಇಲ್ಲ. ದುಡ್ಡು ಕೊಟ್ಟು ತಂದ ಕ್ಯಾಪ್ಸೂಲ್ ಬಹುಪಾಲು ಕರಗದೇ ಹೊರಗೆ ಹೋಗ್ತಿತ್ತು. ಸರಿ, ವೇಸ್ಟ್ ಆಯ್ತು ಅಂದ್ಕೊಬಹುದು, ಅದಕ್ಕಿಂತ ಭಯದ್ದು ಇನ್ನೊಂದಿತ್ತು. ನಮ್ಮಲ್ಲಿ ಸಿಗೋ ಎಷ್ಟೋ ಗ್ಯಾಸ್ ಮಾತ್ರೆಗಳಲ್ಲಿ ವಾಂತಿ ನಿಲ್ಲಿಸೋ ಡೊಂಪೆರಿಡೋನ್ ಕೂಡ ಸೇರಿರುತ್ತೆ, ನನ್ನದರಲ್ಲೂ ಇತ್ತು. ಬೇರೆ ಔಷಧಿಗಳನ್ನ ಒಡೆದು ಹೊರಗೆ ಹಾಕೋ ಲಿವರಿನ ಒಂದು ಕಿಣ್ವವನ್ನ ಇಟ್ರಾಕೊನಜೋಲ್ ಕಟ್ಟಿಹಾಕುತ್ತೆ, ಆಗ ಡೊಂಪೆರಿಡೋನ್ ರಕ್ತದಲ್ಲೇ ಜಾಸ್ತಿ ಉಳ್ಕೊಂಡು ಹೃದಯದ ಬಡಿತದ ಲಯ ತಪ್ಪಿಸಬಹುದು. ಎರಡನ್ನೂ ಒಟ್ಟಿಗೆ ಕೊಡಲೇಬಾರದು ಅಂತಿದೆಯಂತೆ. ನಾನು ಕೂತಿದ್ದ ಕುರ್ಚೀಲೇ ಬೆವರಿದೆ.

ಆಮೇಲೆ ಆ ಗ್ಯಾಸ್ ಮಾತ್ರೆ ಬಿಡಿಸಿ, ಬೆಳಗ್ಗೆ ತಿಂಡಿ ಹೊಟ್ಟೆ ತುಂಬ ತಿಂದ ತಕ್ಷಣ ಒಂದು, ರಾತ್ರಿ ಊಟ ಆದ ತಕ್ಷಣ ಒಂದು ಕ್ಯಾಪ್ಸೂಲ್ ಅಂತ ಹಾಕಿದ್ರು. ತಿಂಡಿ ಅಂದ್ರೆ ತಿಂಡಿ, ಟೀ ರಸ್ಕ್ ಅಲ್ಲ. ಎದೆ ಉರಿದ್ರೆ ಕುಡಿಯೋ ಗುಲಾಬಿ ಬಣ್ಣದ ಆಂಟಾಸಿಡ್ ಕೂಡ ಕ್ಯಾಪ್ಸೂಲಿಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇಟ್ಟೇ ಕುಡೀಬೇಕು ಅಂದ್ರು. ಆಸಿಡ್ ನಿಲ್ಲಿಸೋ ಗ್ಯಾಸ್ ಮಾತ್ರೆ ಬಿಡೋಕೇ ಆಗದವರಿಗೆ ಕೆಲವು ಸಲ ಕೋಲಾ ಜೊತೆ ಕ್ಯಾಪ್ಸೂಲ್ ತಗೊಳ್ಳಿ ಅಂತ ಡಾಕ್ಟ್ರುಗಳೇ ಹೇಳೋದುಂಟಂತೆ, ಹುಳಿ ಸಿಕ್ರೆ ಕರಗುತ್ತೆ ಅಂತ. ತಮಾಷೆ ಅನ್ಸುತ್ತೆ ಆದ್ರೆ ನಿಜ. ನೀವಾಗೇ ಮಾಡ್ಬೇಡಿ, ಕೇಳಿ ಮಾಡಿ.

ಅಷ್ಟರಲ್ಲಿ ನಮ್ಮಮ್ಮನ ಮಣಿಕಟ್ಟಿನ ಮೇಲೂ, ಬಳೆ ಉಜ್ಜೋ ಜಾಗದಲ್ಲಿ, ಎರಡು ಉಂಗುರ ಎದ್ವು. ನನ್ನ ಸ್ಟ್ರಿಪ್ಪಿಂದಲೇ ಅವರಿಗೂ ಕೊಟ್ರೆ ಆಯ್ತು ಅಂತಿದ್ದೆ. ಪುಣ್ಯಕ್ಕೆ ಡಾಕ್ಟ್ರಮ್ಮನ್ನ ಒಂದು ಮಾತು ಕೇಳಿದೆ. ಅಮ್ಮನಿಗೆ ಕೊಲೆಸ್ಟ್ರಾಲಿಗೆ ಅಟೊರ್ವಸ್ಟಾಟಿನ್ ನಡೀತಿದೆ, ಬಿಪಿಗೆ ಆಮ್ಲೋಡಿಪಿನ್. ಎರಡೂ ಇದೇ ಕಿಣ್ವದ ದಾರೀಲೇ ಹೋಗೋವು, ಎರಡೂ ಮೈಯಲ್ಲಿ ಏರಿ ಕೂತ್ಕೊಳ್ತವೆ, ಸ್ಟಾಟಿನ್, ಅಂದ್ರೆ ಆ ಕೊಲೆಸ್ಟ್ರಾಲ್ ಮಾತ್ರೆ, ಏರಿದ್ರೆ ಮಾಂಸಖಂಡಕ್ಕೆ ಪೆಟ್ಟು. ಸಿಮ್ವಾಸ್ಟಾಟಿನ್ ಅನ್ನೋ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಅಂತೂ ಇಟ್ರಾಕೊನಜೋಲ್ ಜೊತೆ ಕೂಡದೇ ಕೂಡದು. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಇಟ್ರಾಕೊನಜೋಲೇ ಅಪಾಯ, ಬಸುರಿಯರಿಗೂ ಕೊಡಲ್ಲ, ಮಾತ್ರೆ ಮುಗಿದ ಮೇಲೂ ಎರಡು ತಿಂಗಳು ಬಸುರಾಗದಂಗೆ ನೋಡ್ಕೊಬೇಕು. ಅಮ್ಮನಿಗೆ ಬರೀ ಹಚ್ಚೋ ಮುಲಾಮಲ್ಲೇ ಹೋಯ್ತು, ಸ್ಟಿರಾಯ್ಡ್ ಇಲ್ಲದ್ದು.

ಲಿವರ್ ಬಗ್ಗೆ ನಿಮ್ಮ ಆಫೀಸಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಇದೇ ಜಾತಿಯ ಕೀಟೊಕೊನಜೋಲ್ ಮಾತ್ರೆಯನ್ನ ಲಿವರ್ ಕಾರಣಕ್ಕೇ 2013ರಲ್ಲಿ ಅಮೆರಿಕದಲ್ಲಿ ಚರ್ಮದ ಫಂಗಸ್ಸಿಗೆ ಬಳಸಬೇಡಿ ಅಂದ್ರು, ಯುರೋಪಲ್ಲೂ ತೆಗೆಸಿದ್ರು. ಇಟ್ರಾಕೊನಜೋಲಲ್ಲೂ ಆಗಬಹುದು, ಆದ್ರೆ ಅಪರೂಪ. ನನಗೆ ಮತ್ತೆ ಶುರು ಮಾಡೋ ಮುಂಚೆ ಲಿವರ್ ನೋಡೋ ರಕ್ತಪರೀಕ್ಷೆ, ಅಂದ್ರೆ ಒಂದು ಎಲ್‌ಎಫ್‌ಟಿ ಮಾಡ್ಸಿದ್ರು, ತಿಂಗಳಾದ್ಮೇಲೆ ಇನ್ನೊಂದು. ನಿಮಗೆ ಮಾಡ್ಸಿಲ್ಲ ಅಂದ್ರೆ ಕೇಳಿ, ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಹಸಿವು ಪೂರ್ತಿ ಹೋಯ್ತು, ವಾಂತಿ, ಮೂತ್ರ ಕಾಫಿ ಡಿಕಾಕ್ಷನ್ ಥರ ಗಾಢ, ಕಣ್ಣು ಹಳದಿ, ಇದ್ರಲ್ಲಿ ಯಾವುದೇ ಬಂದ್ರೂ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟ್ರ ಹತ್ರ ಓಡಿ. ಕಾಲು ಊದಿ ಉಬ್ಬಸ ಬಂದ್ರೂ ಅಷ್ಟೇ. ಕುಡಿಯೋ ಅಭ್ಯಾಸ ಇದ್ರೆ ಈ ತಿಂಗಳು ಬಿಡಿ, ಲಿವರ್ ಭಯ ಅಂತೀರಿ ಮತ್ತೆ.

ಇನ್ನು ಹತ್ತು ದಿನಕ್ಕೆ ನಿಲ್ಲಿಸೋದು. ದಯವಿಟ್ಟು ಬೇಡ. ಕಡಿತ ನಿಲ್ಲೋದು ಮೊದಲು, ಫಂಗಸ್ ಸಾಯೋದು ಆಮೇಲೆ. ನನಗೆ ಸರಿಯಾಗಿ ತಗೊಳ್ಳೋಕೆ ಶುರು ಮಾಡಿದ ಮೇಲೂ ಆರು ವಾರ ಹಿಡೀತು, ಉಂಗುರ ಪೂರ್ತಿ ಹೋದ್ಮೇಲೂ ಎರಡು ವಾರ ಮುಲಾಮು ಹಚ್ಚಿಸಿದ್ರು. ಕಪ್ಪು ಕಲೆ ಉಳಿಯುತ್ತೆ, ಅದು ರೋಗ ಅಲ್ಲ, ನಿಧಾನಕ್ಕೆ ಹೋಗುತ್ತೆ. ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡೋದು, ಸಿಕ್ಕ ಟ್ಯೂಬ್ ಹಚ್ಚೋದು, ಇದರಿಂದೆಲ್ಲ ನಮ್ಮ ಕಡೆ ಫಂಗಸ್ಸೇ ಮೊಂಡು ಬಿದ್ದಿದೆ. 2020ರಲ್ಲಿ ಒಂದು ಹೊಸ ಫಂಗಸ್ಸಿಗೆ ಹೆಸರಿಟ್ರು, ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ, ನಮ್ಮ ದೇಶದ ಹೆಸರೇ ಅದಕ್ಕೆ ಅಂಟಿದೆ ನೋಡಿ. ಟರ್ಬಿನಾಫಿನ್ ಅನ್ನೋ ಹಳೇ ಮಾತ್ರೆಗೆ ಅದು ಎಷ್ಟೋ ಜನರಲ್ಲಿ ಜಗ್ಗಲ್ಲ. ಇಟ್ರಾಕೊನಜೋಲೂ ಕೈಕೊಟ್ರೆ ಆಮೇಲೆ ಉಳಿಯೋ ಔಷಧಿ ಜಾಸ್ತಿ ಇಲ್ಲ. ಒಂದು ಹೊತ್ತು ಮರೆತ್ರೆ ಮರೆತಿರಿ, ಮುಂದಿನ ಹೊತ್ತಿಗೆ ಎರಡೆರಡು ನುಂಗ್ಬೇಡಿ.

ಹಾಂ, ಅಂಗಡೀಲಿ 100 ಇಲ್ಲ, 65 ಇದೆ, 130 ಇದೆ, ಎಲ್ಲಾ ಒಂದೇ ಅಂತ ಕೊಡೋಕೆ ನೋಡ್ತಾರೆ. ಒಂದೇ ಅಲ್ಲ. 65ರದ್ದು ಬೇರೆ ಥರ ತಯಾರಾಗಿದ್ದು, ಹೆಚ್ಚು ಹೀರ್ಕೊಳ್ಳುತ್ತೆ, ಸುಮಾರಾಗಿ 100ರ ಕೆಲಸ ಮಾಡುತ್ತೆ. ಡಾಕ್ಟ್ರಿಗೆ ಫೋನ್ ಮಾಡದೇ ಬದಲಾಯಿಸ್ಬೇಡಿ.

ಇನ್ನೊಂದು, ನಗ್ಬೇಡಿ, ಉಡದಾರ. ಸೊಂಟದ ಸುತ್ತ ಅಂದ್ರಲ್ಲ, ನಂದೂ ಅಲ್ಲೇ ಇತ್ತು, ಬೆವರು ಕುಡಿದ ದಾರ ಸದಾ ಒದ್ದೆ, ಅದರ ಗೆರೆ ಮೇಲೇ ಸಾಲಾಗಿ ಹಬ್ಬಿತ್ತು. ತೆಗೀರಿ ಅಂದ್ರೆ ಅಮ್ಮ ಒಪ್ಪಲಿಲ್ಲ, ಕೊನೆಗೆ ಬೆಳ್ಳಿದು ಮಾಡಿಸಿ ವಾಸಿ ಆದ್ಮೇಲೆ ಹಾಕ್ಕೋ ಅಂತ ರಾಜಿ ಆಯ್ತು. ಟವಲ್ ಮನೇಲಿ ಒಬ್ಬೊಬ್ಬರಿಗೆ ಒಂದೊಂದು, ಒಳಬಟ್ಟೆ ಬಿಸಿನೀರಲ್ಲಿ ಬೇರೆ ಒಗೆದು ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ, ಟೈಟ್ ಜೀನ್ಸ್ ಸದ್ಯಕ್ಕೆ ಬೀರುವಲ್ಲಿ.

ನೀವು ಗ್ಯಾಸ್ ಮಾತ್ರೆ ತಗೋತೀರಾ, ಬಿಪಿ ಶುಗರ್ ಏನಾದ್ರೂ ಇದೆಯಾ ಅಂತ ಬರೆದಿಲ್ಲ. ಈ ವಾರ ಡಾಕ್ಟ್ರ ಹತ್ರ ಹೋಗುವಾಗ ಮನೇಲಿರೋ ಸ್ಟ್ರಿಪ್ಪೆಲ್ಲಾ ಒಂದು ಕವರಿಗೆ ಹಾಕ್ಕೊಳ್ಳಿ, ಯಾವಾಗಲೋ ಒಂದ್ಸಲ ಅಂತ ಪರ್ಸಲ್ಲಿ ಇಟ್ಕೊಂಡಿರೋದನ್ನೂ ಸೇರಿಸಿ.